ಕೈಮೇಲಿನ ಬಿಳುಪಿಗೆ ಕಂದು ಬಣ್ಣ: ಕ್ರೀಮು, ಮೂಸ್, ಲೋಷನ್, ಮದರಂಗಿ ಎಷ್ಟೆಷ್ಟು ದಿನ ಉಳಿದವು

ನನ್ನ ಮೈಬಣ್ಣ ಎಣ್ಣೆಗಪ್ಪು. ಆರು ವರ್ಷಗಳ ಹಿಂದೆ ಎಡಗೈ ಹೆಬ್ಬೆರಳಿನ ಬುಡದಲ್ಲಿ ಕಡಲೆಕಾಳಿನಷ್ಟು ಕಾಣಿಸಿಕೊಂಡ ತೊನ್ನು ಈಗ ಆ ಕೈಯ ಮಣಿಕಟ್ಟಿನವರೆಗೂ, ಬಲಗೈಯ ಮೂರು ಬೆರಳುಗಳ ಗೆಣ್ಣುಗಳ ಮೇಲೂ, ಕುತ್ತಿಗೆಯ ಎಡಬದಿಯಲ್ಲಿ ಒಂದು ಚಿಕ್ಕ ವೀಳ್ಯದೆಲೆಯ ಅಗಲಕ್ಕೂ ಹರಡಿಕೊಂಡಿದೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳಾದ್ದರಿಂದ ದಿನಕ್ಕೆ ಐದು ಪೀರಿಯಡ್ ನನ್ನ ಕೈ ಕರಿಹಲಗೆಯ ಮೇಲೆ, ನಲವತ್ತು ಮಕ್ಕಳ ಕಣ್ಣೆದುರಿಗೆ ಇರುತ್ತದೆ. ಬಿಳಿ ಚರ್ಮದವರಲ್ಲಿ ತೊನ್ನು ಬಿಸಿಲುಗಾಲದಲ್ಲಷ್ಟೇ ಎದ್ದು ಕಂಡೀತು. ನಮ್ಮಂಥ ಕಪ್ಪು ಮೈಯವರಲ್ಲಿ ಅದು ಹನ್ನೆರಡು ತಿಂಗಳೂ ರಸ್ತೆಯ ಆಚೆ ಬದಿಯಿಂದಲೇ ಕಾಣುತ್ತದೆ.

ಚಿಕಿತ್ಸೆಯ ವಿಷಯ ಇಲ್ಲಿ ಎರಡೇ ಮಾತು. ಒಂದು ವರ್ಷ ಕಾಲ ವಾರಕ್ಕೆ ಎರಡು ಸಲ ನೇರಳಾತೀತ ಕಿರಣದ ಚಿಕಿತ್ಸೆ ತೆಗೆದುಕೊಂಡಾಗ ಕುತ್ತಿಗೆಯಲ್ಲಿ ಅಲ್ಲಲ್ಲಿ ಬಣ್ಣದ ಚುಕ್ಕೆಗಳು ಮೂಡಿದವು, ಕೈಯಲ್ಲಿ ಮೂಡಲಿಲ್ಲ. ಬಣ್ಣ ತಯಾರಿಸುವ ಕೋಶಗಳು ಬಹುಮಟ್ಟಿಗೆ ಕೂದಲಿನ ಬುಡದಿಂದಲೇ ಮರಳಿ ಬರಬೇಕಾದ್ದರಿಂದ, ಕೂದಲೇ ಇಲ್ಲದ ಅಥವಾ ವಿರಳವಾಗಿರುವ ಬೆರಳು ಮತ್ತು ಗೆಣ್ಣುಗಳಲ್ಲಿ ಫಲ ಕಡಿಮೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಹಾಗಾಗಿ ಕೈಗೆ ಉಳಿದ ದಾರಿ ಮೇಲಿನಿಂದ ಬಣ್ಣ ಕೊಡುವುದೊಂದೇ. ಆ ಬಣ್ಣ ಎಷ್ಟು ದಿನ ನಿಲ್ಲುತ್ತದೆ, ಹೇಗೆ ನಿಲ್ಲುತ್ತದೆ, ಹೋಗುವಾಗ ಎಷ್ಟು ಅಸಹ್ಯವಾಗಿ ಹೋಗುತ್ತದೆ ಎಂಬುದನ್ನು ಕಳೆದ ದೀಪಾವಳಿಯ ಮರುವಾರದಿಂದ ಮಾರ್ಚ್ ಕೊನೆಯವರೆಗೆ ಒಂದು ಹಳೆಯ ಪಾಠ ಯೋಜನೆಯ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ ಅಡುಗೆಮನೆಯ ಅದೇ ಕಿಟಕಿಯ ಬೆಳಕಿನಲ್ಲಿ ಎರಡೂ ಕೈಗಳ ಫೋಟೋ ತೆಗೆದೆ. ಎಡಗೈ, ಬಲಗೈ ಎಂದು ಬೇರೆಬೇರೆ ಉಪಾಯ ಮಾಡಿದ್ದರಿಂದ ಹೋಲಿಕೆಗೆ ಅನುಕೂಲವಾಯಿತು. ಆದರೆ ಬಲಗೈಗೆ ಸೀಮೆಸುಣ್ಣದ ಧೂಳು ಮತ್ತು ಪಾತ್ರೆ ತೊಳೆಯುವ ಕೆಲಸ ಹೆಚ್ಚು ಎಂಬುದನ್ನು ಓದುವವರು ಲೆಕ್ಕಕ್ಕೆ ಹಿಡಿಯಬೇಕು.

ಸೆಲ್ಫ್ ಟ್ಯಾನ್ ಎಂಬ ವಸ್ತು ನನಗೆ ಗೊತ್ತಾದದ್ದು ಇಂಗ್ಲೆಂಡಿನಲ್ಲಿರುವ ನಾದಿನಿಯಿಂದ. "ಅತ್ತಿಗೆ, ಇಲ್ಲಿಯವರು ಬಿಳಿ ಕಾಲನ್ನು ಕಂದು ಮಾಡಿಕೊಳ್ಳೋಕೆ ಇದನ್ನ ಹಚ್ಕೋತಾರೆ, ನಿಮ್ಮ ಕೈಗೆ ಆಗುತ್ತೇನೋ ನೋಡಿ" ಎಂದು ಅವಳು ಒಂದು ಬಾಟಲಿ ತಂದುಕೊಟ್ಟಳು. ನಮ್ಮೂರ ಅಂಗಡಿಗಳಲ್ಲಿ ಬಿಸಿಲಿನ ಟ್ಯಾನ್ ತೆಗೆಯುವ ಫೇಸ್‌ಪ್ಯಾಕ್ ಒಂದು ಗೋಡೆ ತುಂಬ ಇರುತ್ತದೆ. ಟ್ಯಾನ್ ಕೊಡುವ ಬಾಟಲಿ ಕೇಳಿದಾಗ ಅಂಗಡಿಯ ಹುಡುಗ ನಾನು ಬಾಯ್ತಪ್ಪಿ ಹೇಳಿದೆನೆಂದುಕೊಂಡು ಮತ್ತೆ ಟ್ಯಾನ್ ತೆಗೆಯುವುದನ್ನೇ ಕೊಟ್ಟ. ಫೇರ್ ಅಂಡ್ ಲವ್ಲಿ ಎಂಬ ಹೆಸರು 2020ರಲ್ಲಿ ಗ್ಲೋ ಅಂಡ್ ಲವ್ಲಿ ಎಂದಾದರೂ, ಕಪ್ಪಾಗಲು ದುಡ್ಡು ಕೊಡುವ ಗಿರಾಕಿಯನ್ನು ನಮ್ಮ ಮಾರುಕಟ್ಟೆ ಇನ್ನೂ ಊಹಿಸಿಕೊಂಡಿಲ್ಲ. ಆನ್‌ಲೈನಿನಲ್ಲಿ ಸಿಗುವುದೂ ಬಹುಪಾಲು ಹೊರದೇಶದ್ದೇ.

ಸೆಲ್ಫ್ ಟ್ಯಾನಿನೊಳಗಿನ ಮುಖ್ಯ ಪದಾರ್ಥ ಡೈಹೈಡ್ರಾಕ್ಸಿಅಸಿಟೋನ್, ಚುಟುಕಾಗಿ ಡಿಎಚ್‌ಎ. ಇದು ಮೂರು ಇಂಗಾಲದ ಒಂದು ಸರಳ ಸಕ್ಕರೆ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಈವಾ ವಿಟ್‌ಗೆನ್‌ಸ್ಟೈನ್ ಎಂಬ ಸಂಶೋಧಕಿ ಗ್ಲೈಕೋಜನ್ ಶೇಖರಣೆಯ ಕಾಯಿಲೆಯಿದ್ದ (ದೇಹ ಕೂಡಿಟ್ಟ ಸಕ್ಕರೆಯನ್ನು ಸರಿಯಾಗಿ ಬಳಸಲಾಗದ) ಮಕ್ಕಳಿಗೆ ಇದನ್ನು ಕುಡಿಸುತ್ತಿದ್ದಾಗ, ಮಕ್ಕಳ ಬಾಯಿಂದ ಚೆಲ್ಲಿದ ಕಡೆಯಲ್ಲೆಲ್ಲ ಚರ್ಮ ಕಂದಾಗಿ ಬಟ್ಟೆ ಮಾತ್ರ ಹಾಗೆಯೇ ಉಳಿದದ್ದನ್ನು ಗಮನಿಸಿದರು. ಆಮೇಲೆ ತಮ್ಮ ಚರ್ಮಕ್ಕೇ ಹಚ್ಚಿ ನೋಡಿದರು. ದೋಸೆ ಕಾವಲಿಯ ಮೇಲೆ ಕೆಂಪಗಾಗುವಾಗ ಸಕ್ಕರೆಯೂ ಪ್ರೋಟೀನಿನ ಅಮೈನೋ ಆಮ್ಲಗಳೂ ಸೇರಿ ಕಂದು ಬಣ್ಣ ಹುಟ್ಟುತ್ತದಲ್ಲ, 1912ರಲ್ಲಿ ಮೇಯಾರ್ ಎಂಬ ಫ್ರೆಂಚ್ ವಿಜ್ಞಾನಿ ವಿವರಿಸಿದ ಆ ಕ್ರಿಯೆಯೇ ಇಲ್ಲಿ ಒಲೆಯಿಲ್ಲದೆ, ಚರ್ಮದ ತೀರ ಹೊರಗಿನ ಸತ್ತ ಕೋಶಗಳ ಪದರದಲ್ಲಿ ನಡೆಯುತ್ತದೆ. ಚರ್ಮಕ್ಕೆ ಸಹಜ ಬಣ್ಣ ಕೊಡುವ ಮೆಲನಿನ್‌ಗೂ ಇದಕ್ಕೂ ಸಂಬಂಧವಿಲ್ಲ. ಆದ್ದರಿಂದಲೇ ಮೆಲನಿನ್ ಇಲ್ಲದ ತೊನ್ನಿನ ಚರ್ಮದಲ್ಲೂ ಇದು ಕೆಲಸ ಮಾಡುತ್ತದೆ, ಮತ್ತು ಆ ಪದರ ಉದುರುತ್ತಾ ಹೋದಂತೆ ಬಣ್ಣವೂ ಉದುರುತ್ತದೆ. ಸಾಮಾನ್ಯವಾಗಿ ಮೂರರಿಂದ ಏಳು ದಿನ ಎನ್ನುತ್ತಾರೆ. ದಿನಕ್ಕೆ ಹತ್ತು ಸಲ ತೊಳೆಯುವ ಕೈಗೆ ಮೂರರ ಕಡೆಯ ಲೆಕ್ಕವೇ ಸರಿ.

ಮೊದಲು ಮರೆಮಾಚುವ ಕ್ರೀಮಿನ ಮಾತು ಮುಗಿಸಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಹೇಳುವುದು ಹೆಚ್ಚಿಲ್ಲ. ಮುಖದ ಫೌಂಡೇಶನ್‌ಗಿಂತ ಬಹಳ ದಟ್ಟವಾಗಿ ಬಣ್ಣದ ಪುಡಿ ತುಂಬಿದ ಈ ಕ್ರೀಮನ್ನು ಹಚ್ಚಿ, ಮೇಲೆ ಪೌಡರ್ ಹಾಕಿ, ಹತ್ತು ನಿಮಿಷ ಬಿಟ್ಟು ಒರೆಸಿದರೆ ನೀರಿಗೂ ಸ್ವಲ್ಪ ಮಟ್ಟಿಗೆ ಜಗ್ಗುವುದಿಲ್ಲ. ಬಣ್ಣದ ಹೊಂದಾಣಿಕೆಯಲ್ಲಿ ಇದನ್ನು ಮೀರಿಸಿದ್ದು ಯಾವುದೂ ಇಲ್ಲ. ಎರಡು ಛಾಯೆಗಳನ್ನು ಬೆರೆಸಿ ನನ್ನ ಬಣ್ಣವನ್ನೇ ತಂದುಕೊಂಡಾಗ ಮಚ್ಚೆ ಎಲ್ಲಿತ್ತು ಎಂದು ನಾನೇ ಹುಡುಕಬೇಕಾಯಿತು. ಆದರೆ ಅದರ ಆಯುಷ್ಯ ಒಂದು ಹಗಲು. ಕೈ ತೊಳೆದು ಟವೆಲಿಗೆ ಒತ್ತಿದರೆ ಟವೆಲು ಕಂದು. ಉತ್ತರಪತ್ರಿಕೆ ತಿದ್ದುವಾಗ ಪುಟದಂಚಿಗೆಲ್ಲ ನನ್ನ ಹೆಬ್ಬೆರಳಿನ ಗುರುತು. ಮದುವೆ, ಮುಂಜಿ, ಫೋಟೋ ಇರುವ ಸಮಾರಂಭಗಳಿಗೆ ಇಟ್ಟುಕೊಂಡಿದ್ದೇನೆ. ದಿನನಿತ್ಯಕ್ಕೆ ಅಲ್ಲ.

ಇನ್ನು ಮೂಸ್. ಬಾಟಲಿಯ ತಲೆ ಒತ್ತಿದರೆ ಶೇವಿಂಗ್ ನೊರೆಯಂತೆ ಬರುವ ಇದನ್ನು ನಾದಿನಿ ತಂದದ್ದು 'ಡಾರ್ಕ್' ಎಂಬ ದರ್ಜೆಯಲ್ಲಿ. ನಾನು ಕಪ್ಪಗಿರುವುದರಿಂದ ನನಗೆ ಡಾರ್ಕ್ ಸರಿ ಎಂದು ಅವಳೂ ಎಣಿಸಿದಳು, ನಾನೂ ಎಣಿಸಿದೆ. ಕಪ್ಪು ಮೈಯವರು ಇದರಲ್ಲಿ ಮಾಡುವ ಮೊದಲ ತಪ್ಪು ಇದೇ ಎಂದು ಈಗ ಅನ್ನಿಸುತ್ತದೆ. ಆ ದರ್ಜೆಗಳು ಯಾರದೋ ಬಿಳಿ ಕಾಲಿಗೆ ರಜೆಯ ಬಣ್ಣ ಕೊಡುವ ಲೆಕ್ಕದಲ್ಲಿ ಇಟ್ಟವು. ನನ್ನ ಮಚ್ಚೆಯೋ ಯಾವ ಯುರೋಪಿನವರ ಕಾಲಿಗಿಂತಲೂ ಬಿಳುಪು, ಅದರ ಪಕ್ಕದ ಚರ್ಮವೋ ಆ ಬಾಟಲಿಯ ಎಲ್ಲ ದರ್ಜೆಗಳಿಗಿಂತಲೂ ಕಪ್ಪು. ಈ ಎರಡರ ನಡುವಿನ ಅಂತರವನ್ನು ಒಂದೇ ಗಾಢ ಕೋಟಿನಲ್ಲಿ ದಾಟಲು ಹೊರಟರೆ ಸಿಗುವುದು ಕಂದು ಅಲ್ಲ, ಕಿತ್ತಳೆ.

ಶನಿವಾರ ರಾತ್ರಿ ಹಚ್ಚಿದೆ. ಮೂಸ್‌ನಲ್ಲಿ ಮೊದಲೇ ಒಂದು ಕಂದು ಬಣ್ಣ ಬೆರೆಸಿರುತ್ತಾರೆ, ಎಲ್ಲಿ ಹಚ್ಚಿದ್ದೇವೆ ಎಂದು ಕಣ್ಣಿಗೆ ಕಾಣಲೆಂದು. ಅದನ್ನು ನೋಡಿ ನಾನು ಹಿಗ್ಗಿದೆ. ಭಾನುವಾರ ಬೆಳಿಗ್ಗೆ ತೊಳೆದಾಗ ಆ ಹಿಗ್ಗು ನೀರಿನ ಜೊತೆ ಬಚ್ಚಲಿಗೆ ಹೋಯಿತು. ಅಡಿಯಲ್ಲಿ ಉಳಿದದ್ದು ತೆಳು ಹಳದಿ. ಡಿಎಚ್‌ಎ ಬಣ್ಣ ಹಚ್ಚಿದ ಎರಡು ಮೂರು ಗಂಟೆಯಲ್ಲಿ ಕಾಣಲು ಶುರುವಾಗಿ ಒಂದು ದಿನದವರೆಗೂ ಏರುತ್ತಲೇ ಇರುತ್ತದೆ ಎಂಬುದು ತಿಳಿಯದೆ ಇನ್ನೊಂದು ಕೋಟ್ ಬಳಿದೆ. ಸಂಜೆಯ ಹೊತ್ತಿಗೆ ಹೆಬ್ಬೆರಳಿನ ಬುಡ ಚೆನ್ನಾಗಿ ಕಂದಾಗಿತ್ತು, ಆದರೆ ಗೆಣ್ಣುಗಳ ಮೇಲಿನ ಸುಕ್ಕುಗಳಲ್ಲಿ ಬಣ್ಣ ಕೂತು ಗಜ್ಜರಿಯ ಬಣ್ಣಕ್ಕೆ ತಿರುಗಿತ್ತು, ಮತ್ತು ಮಚ್ಚೆಯ ಸುತ್ತ ನನ್ನ ಸಹಜ ಚರ್ಮದ ಮೇಲೆ ಹರಿದಷ್ಟು ಭಾಗ ಇನ್ನೂ ಕಪ್ಪಾಗಿ, ಮಚ್ಚೆಗೆ ಕಪ್ಪು ಚೌಕಟ್ಟು ಹಾಕಿದಂತಾಗಿತ್ತು. ಸೋಮವಾರ, ಮಂಗಳವಾರ ಪರವಾಗಿಲ್ಲ. ಬುಧವಾರದ ಫೋಟೋದಲ್ಲಿ ಗೆಣ್ಣುಗಳು ಹಳೆಯ ಗೋಡೆಯ ಸುಣ್ಣ ಚಕ್ಕೆಯೆದ್ದ ಹಾಗೆ ಕಾಣುತ್ತವೆ. ಗುರುವಾರ ಒಬ್ಬ ಹುಡುಗಿ "ಮಿಸ್, ಕೈ ಸುಟ್ಕೊಂಡ್ರಾ?" ಎಂದು ಕೇಳಿದಳು. ಬರಿಯ ಮಚ್ಚೆಯಿದ್ದಾಗ ಯಾರೂ ಕೇಳದಿದ್ದ ಪ್ರಶ್ನೆ ಅದು.

ಮೂರು ಸಲ ಮಾಡಿ ನೋಡಿದರೂ ಮೂಸ್ ನಾಲ್ಕನೆಯ ದಿನ ದಾಟಲಿಲ್ಲ. ಅದಕ್ಕಿಂತ ನನಗೆ ಬೇಸರವಾದದ್ದು ಅದು ಹೋಗುವ ರೀತಿ. ಗಾಢವಾಗಿ ಬಳಿದ ಬಣ್ಣ ಚೂರುಚೂರಾಗಿ ಉದುರುವಾಗ ಪ್ರತಿ ಚೂರಿನ ಅಂಚೂ ಕಾಣುತ್ತದೆ. ನಮ್ಮ ಚರ್ಮ ಒಣಗಿದರೆ ಸುತ್ತಲಿನ ಕಪ್ಪಿನ ಮೇಲೆ ಬೂದಿ ಬಳಿದಂಥ ಬಿಳಿಚು ಬರುವುದೂ ಸೇರಿಕೊಂಡರೆ ಕೈಮೇಲೆ ಕಿತ್ತಳೆ, ಬಿಳಿ, ಬೂದಿ, ಕಪ್ಪು ಎಂದು ನಾಲ್ಕು ಬಣ್ಣ.

ಎರಡನೆಯದು ದಿನವೂ ಹಚ್ಚುವ ತೆಳು ಲೋಷನ್. ಇದರಲ್ಲಿ ಡಿಎಚ್‌ಎ ಅಂಶ ಕಡಿಮೆ. ಮಾಮೂಲು ಮಾಯಿಶ್ಚರೈಸರ್‌ನ ಹಾಗೆಯೇ ಬಿಳಿ, ವಾಸನೆ ಮಾತ್ರ ಮರುದಿನ ಬೆಳಿಗ್ಗೆ ಹುರಿದ ಬಿಸ್ಕತ್ತಿನದು. ಮೊದಲ ರಾತ್ರಿ ಏನೂ ಆಗಲಿಲ್ಲವೇನೋ ಎನ್ನುವಷ್ಟು ಸಣ್ಣ ಬದಲಾವಣೆ. ಎರಡನೆಯ ರಾತ್ರಿಯ ನಂತರ ಚಹಾಕ್ಕೆ ಹಾಲು ಹೆಚ್ಚಾದ ಬಣ್ಣ. ನಾಲ್ಕನೆಯ ಬೆಳಿಗ್ಗೆ ಸ್ಟ್ರಾಂಗ್ ಕಾಫಿಗೆ ಹತ್ತಿರ. ಅಲ್ಲಿಂದಾಚೆಗೆ ಎಷ್ಟು ಹಚ್ಚಿದರೂ ಹೆಚ್ಚು ಗಾಢವಾಗಲಿಲ್ಲ. ಪ್ರಾಮಾಣಿಕವಾಗಿ ಹೇಳುವುದಾದರೆ ನನ್ನ ಸಹಜ ಬಣ್ಣಕ್ಕಿಂತ ಅದು ಎರಡು ಛಾಯೆ ಕಡಿಮೆಯೇ; ಗೋಧಿ ಬಣ್ಣದವರಿಗೆ ಪೂರ್ತಿ ಹೊಂದೀತು, ನನ್ನಂಥವರಿಗೆ ಒಂದು ಮಾರು ದೂರದಿಂದ ಕಾಣದಷ್ಟು ಹೊಂದುತ್ತದೆ. ಕರಿಹಲಗೆಗೂ ಮೊದಲ ಬೆಂಚಿಗೂ ಇರುವ ದೂರ ಅದಕ್ಕಿಂತ ಹೆಚ್ಚು.

ಆ ಮಟ್ಟ ಮುಟ್ಟಿದ ಮೇಲೆ ಮೂರು ರಾತ್ರಿಗೊಮ್ಮೆ ಹಚ್ಚುತ್ತಾ ಬಂದೆ. ಡಿಸೆಂಬರ್ 8ರಿಂದ ಜನವರಿ ಸಂಕ್ರಾಂತಿಯ ಹಿಂದಿನ ದಿನದವರೆಗಿನ ಫೋಟೋಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಎಡಗೈಯಲ್ಲಿ ವ್ಯತ್ಯಾಸ ಹುಡುಕುವುದು ಕಷ್ಟ. ಬೇಕೆಂದೇ ನಿಲ್ಲಿಸಿದಾಗ ಐದನೆಯ ದಿನದ ಹೊತ್ತಿಗೆ ಬಣ್ಣ ಹೋಯಿತು, ಆದರೆ ಪದೇಪದೇ ಒಗೆದ ಸೀರೆ ಮಾಸುವಂತೆ ಇಡಿಯಾಗಿ ಮಾಸಿತು, ಚಕ್ಕೆಯೇಳಲಿಲ್ಲ. ಒಂದೇ ಸಲಕ್ಕೆ ಎಷ್ಟು ದಿನ ಎಂದು ಕೇಳಿದರೆ ಮೂಸ್‌ಗೂ ಲೋಷನ್‌ಗೂ ಹೆಚ್ಚುಕಡಿಮೆ ಒಂದೇ ಉತ್ತರ. ಆದರೆ ಹಳೆಯ ಪದರ ಉದುರುವ ಮೊದಲೇ ಹೊಸ ಪದರಕ್ಕೆ ತೆಳುವಾಗಿ ಬಣ್ಣ ಕೊಡುತ್ತಾ ಹೋಗಬಹುದಾದದ್ದು ಲೋಷನ್ ಮಾತ್ರ. ಹಾಗೆ ಮಾಡಲು ಹೋದರೆ ಮೂಸ್ ಹಳೆಯ ಚೂರುಗಳ ಮೇಲೆ ಕೂತು ಅವನ್ನು ಇನ್ನಷ್ಟು ಎದ್ದು ಕಾಣಿಸುತ್ತದೆ.

ಡಿಎಚ್‌ಎ ಜೊತೆಗೆ ಎರಿಥ್ರುಲೋಸ್ ಎಂಬ ನಾಲ್ಕು ಇಂಗಾಲದ ಸಕ್ಕರೆಯನ್ನೂ ಬೆರೆಸಿದ ಇನ್ನೊಂದು ಲೋಷನನ್ನು ಫೆಬ್ರವರಿಯಲ್ಲಿ ತರಿಸಿದೆ. ಇದು ನಿಧಾನ, ಬಣ್ಣ ಪೂರ್ತಿ ಏರಲು ಎರಡು ದಿನ ಬೇಕು. ಛಾಯೆ ಸ್ವಲ್ಪ ಕೆಂಪು ಕಡೆಗೆ. ಆರನೆಯ ದಿನವೂ ಎಡಗೈಯಲ್ಲಿ ಅಷ್ಟಿಷ್ಟು ಉಳಿದಿತ್ತು ಎಂದು ಪುಸ್ತಕದಲ್ಲಿದೆ. ಬೆಲೆ ಮೊದಲಿನದರ ಎರಡರಷ್ಟು, ಲಾಭ ಒಂದು ದಿನ. ನಾನು ಮತ್ತೆ ತರಿಸಲಿಲ್ಲ.

ಮದರಂಗಿ ಈ ಪಟ್ಟಿಗೆ ಸೇರಿದ್ದು ಅತ್ತೆಯವರಿಂದ. "ಪರದೇಶದ್ದು ಯಾಕಮ್ಮ, ಹಿತ್ತಲಲ್ಲೇ ಗಿಡ ಇದೆ" ಎಂದರು. ಅವರ ಮಾತಿನಲ್ಲಿ ಹುರುಳಿದೆ. ಮದರಂಗಿ ಎಲೆಯ ಲಾಸೋನ್ ಎಂಬ ಅಂಶವೂ ಚರ್ಮದ ಹೊರಪದರದ ಕೆರಟಿನ್‌ಗೇ ಅಂಟಿಕೊಳ್ಳುತ್ತದೆ, ಗಾಳಿಗೆ ಎರಡು ದಿನ ಬಣ್ಣ ಏರುತ್ತದೆ, ಆ ಪದರದ ಜೊತೆಗೇ ಉದುರುತ್ತದೆ. ಎಲೆ ರುಬ್ಬಿ, ನಿಂಬೆರಸ ಹಿಂಡಿ, ಒಂದು ರಾತ್ರಿ ಇಟ್ಟು, ಬಲಗೈಯ ಗೆಣ್ಣುಗಳ ಮೇಲೆ ಮಾತ್ರ ಮೆತ್ತಿದೆ. ಒಣಗುವಾಗ ಸಕ್ಕರೆ ನೀರು ತಟ್ಟಿ, ಉದುರಿಸಿದ ಮೇಲೆ ಕಾವಲಿಯಲ್ಲಿ ಲವಂಗ ಹಾಕಿ ಅದರ ಹೊಗೆಗೆ ಕೈಯೊಡ್ಡಿ, ನಮ್ಮ ಮನೆಯ ಹೆಂಗಸರು ಮಾಡುವ ಉಪಚಾರಗಳನ್ನೆಲ್ಲ ಮಾಡಿದೆ. ಹನ್ನೊಂದು ದಿನ ಉಳಿಯಿತು! ನಾಲ್ಕರಲ್ಲಿ ಎಲ್ಲಕ್ಕಿಂತ ಹೆಚ್ಚು. ಅಂಗೈಯಲ್ಲಿ ಮದರಂಗಿ ಕಪ್ಪುಗೆಂಪಾಗುವುದು ಅಲ್ಲಿನ ಹೊರಪದರ ದಪ್ಪಗಿರುವುದರಿಂದ. ಕೈಯ ಹಿಂಬದಿಯ ತೆಳು ಚರ್ಮದಲ್ಲಿ ಅದು ಹೆಂಚಿನ ಬಣ್ಣದಲ್ಲೇ ನಿಂತಿತು. ಬಿಳಿ ಮಚ್ಚೆಯ ಜಾಗದಲ್ಲಿ ಕೆಂಪು ಹೆಂಚಿನ ಮಚ್ಚೆ. ಉಳಿಯಬಾರದ ಬಣ್ಣ ಹನ್ನೊಂದು ದಿನ ಉಳಿದರೆ ಅದು ಶಿಕ್ಷೆಯೇ ಸರಿ.

ಆದರೆ ಮದರಂಗಿಗೆ ಒಂದು ಬೇರೆ ಉಪಯೋಗ ಅಕಸ್ಮಾತ್ತಾಗಿ ಸಿಕ್ಕಿತು. ಫೆಬ್ರವರಿಯಲ್ಲಿ ತಂಗಿಯ ಮಗಳ ಮದುವೆಯಲ್ಲಿ ಮದರಂಗಿ ಹಾಕುವ ಹುಡುಗಿ ನನ್ನ ಎಡಗೈ ನೋಡಿ ಏನೂ ಕೇಳದೆ, ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಮಚ್ಚೆಯ ಅಂಚನ್ನೇ ಬಳ್ಳಿಯನ್ನಾಗಿ ಮಾಡಿ, ಒಳಗೆ ಸಣ್ಣ ಎಲೆಗಳನ್ನು ತುಂಬಿಬಿಟ್ಟಳು. ಬಿಳುಪಿನ ಮೇಲೆ ಗೆರೆ ಎಷ್ಟು ಸ್ಪಷ್ಟವಾಗಿ ಮೂಡಿತೆಂದರೆ ಪಕ್ಕದಲ್ಲಿ ಕೂತವರು ನನ್ನ ಕೈಯದೇ ಚೆಂದ ಎಂದರು. ಮಚ್ಚೆಯನ್ನು ತುಂಬುವ ಬದಲು ಅದರ ಮೇಲೆ ಬರೆಯಬೇಕಾಗಿತ್ತು.

ಕೋನಿನಲ್ಲಿ ಬರುವ ಕರಿ ಮದರಂಗಿಯನ್ನು ಮಾತ್ರ ನಾನು ಪ್ರಯೋಗಿಸಲಿಲ್ಲ, ಯಾರೂ ಪ್ರಯೋಗಿಸಬಾರದು. ಮದರಂಗಿಗೆ ಕಪ್ಪು ಬಣ್ಣ ಸಹಜವಲ್ಲ. ಅರ್ಧ ಗಂಟೆಯಲ್ಲಿ ಕಪ್ಪಾಗುವ ಕೋನಿನಲ್ಲಿ ತಲೆಗೂದಲಿನ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕವನ್ನು ಬೆರೆಸಿರುವ ಸಾಧ್ಯತೆ ಹೆಚ್ಚು. ಅದರಿಂದ ಬೊಬ್ಬೆ ಏಳುವುದೊಂದು ಕಡೆಯಾದರೆ, ಅದು ತಗುಲಿದ ಜಾಗದಲ್ಲಿ ಹೊಸದಾಗಿ ಬಣ್ಣ ಹೋಗುವುದೂ ಉಂಟು. ಅಂಟಿಸುವ ಬಿಂದಿಯ ಗೋಂದಿನಲ್ಲಿರುವ ಒಂದು ಬಗೆಯ ಫೀನಾಲ್‌ನಿಂದ ಹಣೆಯಲ್ಲಿ ಬಿಂದಿಯಷ್ಟೇ ಅಗಲದ ಬಿಳಿ ಕಲೆ ಬೀಳುವುದನ್ನು ನಮ್ಮ ಚರ್ಮವೈದ್ಯರು ಬಹಳ ಹಿಂದಿನಿಂದ ನೋಡುತ್ತಿದ್ದಾರೆ. ಇದ್ದ ಬಿಳುಪನ್ನು ಮುಚ್ಚಲು ಹೋಗಿ ಹೊಸ ಬಿಳುಪನ್ನು ತಂದುಕೊಳ್ಳುವುದು ಬೇಡ.

ಇದೇ ಕಾರಣಕ್ಕೆ, ಸೆಲ್ಫ್ ಟ್ಯಾನ್ ಉಳಿಯಬೇಕಾದರೆ ಮೊದಲು ಚರ್ಮವನ್ನು ಚೆನ್ನಾಗಿ ಉಜ್ಜಿ ಸತ್ತ ಪದರ ತೆಗೆಯಬೇಕು ಎಂಬ ಸಲಹೆಯನ್ನೂ ನಾನು ಹಾಗೆಯೇ ಒಪ್ಪಲಾರೆ. ಮಾಮೂಲು ಚರ್ಮದವರಿಗೆ ಅದು ಸರಿಯಾದ ಮಾತು: ಉದುರಲು ಸಿದ್ಧವಾಗಿರುವ ಕೋಶಗಳಿಗೆ ಬಣ್ಣ ಕೊಟ್ಟರೆ ನಾಳೆಯೇ ಹೋಗುತ್ತದೆ. ತೊನ್ನು ಇರುವವರಲ್ಲಿ ಚರ್ಮಕ್ಕೆ ಗೀರು, ಉಜ್ಜು, ಗಾಯವಾದ ಕಡೆ ಹೊಸ ಮಚ್ಚೆ ಹುಟ್ಟುವುದುಂಟು. ಕೆಬ್ನರ್ ಎಂಬ ಜರ್ಮನ್ ವೈದ್ಯರ ಹೆಸರಿನಿಂದ ಅದನ್ನು ಕರೆಯುತ್ತಾರೆ. ನಾರು, ಕಲ್ಲು, ಉಪ್ಪಿನ ಸ್ಕ್ರಬ್ ಯಾವುದನ್ನೂ ನಾನು ಮುಟ್ಟಲಿಲ್ಲ. ಹಚ್ಚುವ ಹಿಂದಿನ ದಿನ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೈ ನೆನೆಸಿ, ಹಳೆಯ ಪಂಚೆಯ ಮೆತ್ತನೆಯ ತುಂಡಿನಿಂದ ಒಂದೇ ದಿಕ್ಕಿಗೆ ಒರೆಸಿದೆ. ಎಡಗೈಗೆ ಹೀಗೆ ಮಾಡಿ ಬಲಗೈಯನ್ನು ಹಾಗೆಯೇ ಬಿಟ್ಟ ಎರಡು ವಾರಗಳಲ್ಲಿ ಎಡಗೈ ಒಂದು ದಿನ ಹೆಚ್ಚು ಬಾಳಿತು. ಆದರೆ ಬಲಗೈಯ ಸೀಮೆಸುಣ್ಣ ನೆನಪಿರಲಿ. ಮೂರನೆಯ ವಾರ ಕೈ ಬದಲಿಸಿದಾಗ ವ್ಯತ್ಯಾಸ ಅರ್ಧ ದಿನಕ್ಕೆ ಇಳಿಯಿತು.

ಎಣ್ಣೆಯ ಲೆಕ್ಕ ಇನ್ನೂ ಸ್ಪಷ್ಟ. ಚರ್ಮ ಒಣಗಬಾರದೆಂದು ಹಚ್ಚುವ ಮೊದಲು ಕೊಬ್ಬರಿ ಎಣ್ಣೆ ಸವರಿದ ರಾತ್ರಿ ಬಣ್ಣವೇ ಹಿಡಿಯಲಿಲ್ಲ, ಹಿಡಿದಲ್ಲೂ ತೇಪೆತೇಪೆ. ಎಣ್ಣೆಯ ಪೊರೆ ಡಿಎಚ್‌ಎಯನ್ನು ಒಳಗೆ ಬಿಡುವುದಿಲ್ಲ. ಹಚ್ಚಿದ ಮಾರನೆಯ ದಿನದಿಂದ, ಅಂದರೆ ಬಣ್ಣ ಏರಿ ನಿಂತ ಮೇಲೆ, ಸ್ನಾನವಾದ ತಕ್ಷಣ ನೀರಿನ ಪಸೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿದ ಕೈ ಮಾತ್ರ ಹಚ್ಚದ ಕೈಗಿಂತ ಪ್ರತಿ ಸಲವೂ ಒಂದೂವರೆ ಎರಡು ದಿನ ಮುಂದಿತ್ತು. ನನ್ನ ಎಲ್ಲ ಪ್ರಯೋಗಗಳಲ್ಲಿ ಇಷ್ಟು ದೊಡ್ಡ ಅಂತರ ತೋರಿಸಿದ್ದು ಇದೊಂದೇ, ಇದಕ್ಕೆ ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಶಾಲೆಯಲ್ಲಿ ಪ್ರತಿ ಪೀರಿಯಡ್ ಮುಗಿದಾಗ ಸೀಮೆಸುಣ್ಣವನ್ನು ಸೋಪು ಹಾಕಿ ತೊಳೆಯುತ್ತಿದ್ದವಳು ಒದ್ದೆ ಕರವಸ್ತ್ರದಲ್ಲಿ ಒರೆಸಲು ಶುರುಮಾಡಿದೆ. ಪಾತ್ರೆಗೆ ಗ್ಲೌಸು ಹಾಕಿಕೊಂಡೆ. ತಂತಿಯ ಸ್ಕ್ರಬ್ಬರ್ ಹಿಡಿದು ಒಂದು ಸಾರಿನ ಪಾತ್ರೆ ಉಜ್ಜಿದರೆ ಬೆರಳ ಬಣ್ಣದ ಒಂದು ದಿನದ ಆಯುಷ್ಯ ಅಲ್ಲೇ ಮುಗಿಯುತ್ತದೆ.

ಎಣ್ಣೆ ಸ್ನಾನದ ದಿನ ಎಲ್ಲ ಲೆಕ್ಕವೂ ತಲೆಕೆಳಗು. ಸಂಕ್ರಾಂತಿಯ ಬೆಳಿಗ್ಗೆ ಹರಳೆಣ್ಣೆ ಹಚ್ಚಿ, ಬಿಸಿನೀರು ಹುಯ್ದುಕೊಂಡು, ಸೀಗೆಪುಡಿಯಲ್ಲಿ ತಲೆ ತಿಕ್ಕಿದ ಕೈ ಬಚ್ಚಲಿನಿಂದ ಈಚೆಗೆ ಬರುವ ಹೊತ್ತಿಗೆ ಮೊದಲಿನಂತೆ ಬಿಳಿಯಾಗಿತ್ತು. ಐದು ವಾರಗಳ ಸರಣಿ ಅಲ್ಲಿಗೆ ಮುಗಿಯಿತು. ಈಗ ಹಬ್ಬ ಕಳೆದ ರಾತ್ರಿಯನ್ನೇ ಹೊಸ ಸುತ್ತಿನ ಮೊದಲ ರಾತ್ರಿ ಎಂದು ಇಟ್ಟುಕೊಂಡಿದ್ದೇನೆ, ಏಕೆಂದರೆ ಸೀಗೆಪುಡಿ ತೆಗೆದಷ್ಟು ನಯವಾಗಿ ಸತ್ತ ಪದರವನ್ನು ಪಂಚೆಯ ತುಂಡು ತೆಗೆಯುವುದಿಲ್ಲ. ಅರಿಶಿನ ಕಲಸಿದ ಕೈಯದು ಇನ್ನೊಂದು ಕಥೆ: ಬಣ್ಣ ಮಾಸಿದ ಮಚ್ಚೆಯ ಮೇಲೆ ಅರಿಶಿನ ಹಿಡಿದಷ್ಟು ಸುತ್ತಲ ಚರ್ಮದ ಮೇಲೆ ಕಾಣುವುದಿಲ್ಲ.

ಹಚ್ಚುವ ಕ್ರಮವನ್ನೂ ಹೇಳಬೇಕು, ಏಕೆಂದರೆ ಕಪ್ಪು ಚೌಕಟ್ಟಿನ ತೊಂದರೆ ತಪ್ಪಿದ್ದು ಅದರಿಂದಲೇ. ಕೈಯಿಂದ ಬಳಿಯುವುದನ್ನು ಬಿಟ್ಟು ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಮಚ್ಚೆಯ ನಡುವಿನಿಂದ ಹೊರಗೆ ಹಚ್ಚುತ್ತಾ, ಅಂಚಿಗೆ ಒಂದು ಭತ್ತದ ಕಾಳಿನ ಅಗಲ ಇರುವಾಗಲೇ ನಿಲ್ಲಿಸುತ್ತೇನೆ. ಲೋಷನ್ ತಾನೇ ಹರಡಿ ಅಂಚು ಮುಟ್ಟುತ್ತದೆ. ಗೆಣ್ಣುಗಳಿಗೆ ಬೆರಳು ಮಡಚಿ ಹಚ್ಚಬೇಕು, ಇಲ್ಲದಿದ್ದರೆ ಸುಕ್ಕಿನೊಳಗೆ ಬಿಳಿ ಗೆರೆ ಉಳಿಯುತ್ತದೆ. ಹಚ್ಚಿದ ಮೇಲೆ ಒದ್ದೆ ಬಟ್ಟೆಯ ತುದಿಯಿಂದ ಗೆಣ್ಣನ್ನು ಒಂದೇ ಸಲ ಒತ್ತಿ ತೆಗೆದರೆ ಗಜ್ಜರಿ ಬಣ್ಣವೂ ಬರುವುದಿಲ್ಲ. ಅಂಗೈಗೆ ತಗುಲಿದ್ದನ್ನು ಕೂಡಲೇ ತೊಳೆಯದಿದ್ದರೆ ಮರುದಿನ ಅಂಗೈಯ ಗೆರೆಗಳೆಲ್ಲ ಜ್ಯೋತಿಷಿಗೆ ತೋರಿಸಲು ಸಿದ್ಧಪಡಿಸಿದಂತೆ ಕಂದಾಗಿ ಎದ್ದಿರುತ್ತವೆ. ಆಮೇಲೆ ಎಂಟು ಗಂಟೆ ನೀರು ಸೋಕಿಸಬಾರದು. ರಾತ್ರಿ ಊಟ, ಪಾತ್ರೆ, ಮರುದಿನದ ತರಕಾರಿ ಎಲ್ಲ ಮುಗಿದು ಮನೆ ಮಲಗಿದ ಮೇಲೆ ಹತ್ತೂವರೆಗೆ ಹಚ್ಚುವುದಲ್ಲದೆ ಒಬ್ಬ ಗೃಹಿಣಿಗೆ ಬೇರೆ ಎಂಟು ಗಂಟೆ ಸಿಗುವುದಿಲ್ಲ.

ಬಾಟಲಿಯನ್ನು ತಂಪಿನಲ್ಲಿಡಿ. ಕಿಟಕಿಯ ಪಕ್ಕ ಬಿಟ್ಟಿದ್ದ ಲೋಷನ್ ಮಾರ್ಚಿನ ಸೆಕೆಗೆ ಹಳದಿಗೆ ತಿರುಗಿ, ನಾಲ್ಕು ರಾತ್ರಿ ಹಚ್ಚಿದರೂ ಹಾಲು ಹೆಚ್ಚಾದ ಚಹಾದ ಬಣ್ಣವನ್ನು ದಾಟಲಿಲ್ಲ. ಡಿಎಚ್‌ಎ ಬಿಸಿಗೆ ಕೆಡುತ್ತದೆ. ಈ ಕಂದು ಬಣ್ಣ ಬಿಸಿಲನ್ನು ಸಾಕಷ್ಟು ತಡೆಯುತ್ತದೆ ಎಂದುಕೊಳ್ಳುವುದೂ ತಪ್ಪು. ಮಚ್ಚೆಯ ಚರ್ಮ ಬಣ್ಣದ ಅಡಿಯಲ್ಲೂ ಬೇಗ ಸುಡುತ್ತದೆ, ಆದ್ದರಿಂದ ಸನ್‌ಸ್ಕ್ರೀನ್ ಬೇಕೇ ಬೇಕು. ಕಿರಣದ ಚಿಕಿತ್ಸೆ ನಡೆಯುತ್ತಿರುವವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು, ಏಕೆಂದರೆ ಈ ಬಣ್ಣದ ಪದರ ಕಿರಣಕ್ಕೂ ಸ್ವಲ್ಪ ಅಡ್ಡ ನಿಲ್ಲುತ್ತದೆ. ಕಣ್ಣು, ತುಟಿಯ ಹತ್ತಿರ ಹಚ್ಚುವ ಹಾಗಿಲ್ಲ. ಯುರೋಪಿನಲ್ಲಿ ಇಂಥ ಉತ್ಪನ್ನಗಳಲ್ಲಿ ಡಿಎಚ್‌ಎ ನೂರಕ್ಕೆ 10ನ್ನು ಮೀರಬಾರದೆಂಬ ನಿಯಮವಿದೆ. ನನ್ನ ಅನುಭವದಲ್ಲಿ ಕಪ್ಪು ಮೈಗೆ ಅದರ ಅರ್ಧವೇ ಸಾಕು, ರಾತ್ರಿಗಳ ಸಂಖ್ಯೆ ಹೆಚ್ಚಿರಬೇಕು ಅಷ್ಟೆ.

ಈಗ ನಾನು ಇಟ್ಟುಕೊಂಡಿರುವುದು ತೆಳು ಲೋಷನ್, ಮೂರು ರಾತ್ರಿಗೊಮ್ಮೆ, ಎರಡು ಕೈಗೂ. ಮದುವೆಮನೆಗೆ ಮದರಂಗಿಯ ಬಳ್ಳಿ ಅಥವಾ ಕ್ರೀಮು. ಮೂಸ್‌ನ ಬಾಟಲಿಯಲ್ಲಿ ಅರ್ಧ ಇನ್ನೂ ಇದೆ, ಬೇಕಾದವರು ಯಾರೂ ಇಲ್ಲ.

ಕುತ್ತಿಗೆಯ ಮಚ್ಚೆಗೆ ಮಾತ್ರ ಇವುಗಳಲ್ಲಿ ಯಾವುದೂ ಒಗ್ಗಲಿಲ್ಲ. ಅಲ್ಲಿ ನೀರು ಕಡಿಮೆ, ಸೋಪು ಕಡಿಮೆ, ಲೋಷನ್ ಆರೇಳು ದಿನ ನಿಲ್ಲಬೇಕಾದ ಜಾಗ, ನಿಲ್ಲುತ್ತದೆ ಕೂಡ. ಆದರೆ ಕರಿಮಣಿ ಸರ ಹಗಲೆಲ್ಲ ಅದರ ನಡುವೆಯೇ ಓಡಾಡುತ್ತದೆ. ಎರಡನೆಯ ದಿನ ಸಂಜೆಗೆ ಕಂದು ಬಣ್ಣದ ಮಧ್ಯೆ ಸರದಷ್ಟೇ ಅಗಲಕ್ಕೆ, ಸರದಷ್ಟೇ ಬಾಗಿದ ಒಂದು ಬಿಳಿ ಗೆರೆ ಮೂಡಿರುತ್ತದೆ. ಸರವನ್ನು ಉದ್ದ ಮಾಡಿಸಿದೆ, ಗೆರೆ ಕೆಳಗಿಳಿಯಿತು.